ಮುಚ್ಚಿದ್ದಕ್ಕೆ ತಕರಾರಿಲ್ಲ, ಮುಚ್ಚಿಟ್ಟದ್ದಕ್ಕೆ ಇದೆ

ಕಳೆದ ವರ್ಷದ ಬೇಸಗೆ ರಜೆಯಲ್ಲಿ ಕಾರ್ಕಳದಿಂದ ಡೊಂಬಿವಲಿಗೆ ಬಂದಿದ್ದ ನನ್ನ ಸೋದರಳಿಯನನ್ನು, ಮುಂಬಯಿಯಿಂದ ಬೆಳಿಗ್ಗೆ ಹೊರಟರೆ ರಾತ್ರಿಯೊಳಗೆ ಮರಳಬಹುದಾದ ಒಂದು ಮನರಂಜನಾ ಉದ್ಯಾನಕ್ಕೆ ಕರೆದೊಯ್ದಿದ್ದೆ. ಅಲ್ಲಿನ ದೊಡ್ಡ ರೋಲರ್ ಕೋಸ್ಟರಿನ ಬಾಗಿಲಲ್ಲಿ ನಿಲ್ಲಿಸಿದ್ದ ಅಳತೆಕೋಲು 140 ಸೆಂಟಿಮೀಟರ್ ಕೇಳುತ್ತಿತ್ತು. ಹುಡುಗ 137 ಇದ್ದ. ಬಾಗಿಲಲ್ಲಿದ್ದ ಸಿಬ್ಬಂದಿ ಅವನನ್ನು ಒಳಗೆ ಬಿಡಲಿಲ್ಲ, ಬಿಡದಿದ್ದುದು ಸರಿಯಾಗಿತ್ತು. ಊರಿಗೆ ಮರಳಿದವನು ಅಡುಗೆಮನೆಯ ದಾರಂದದ ಮೇಲೆ ಪೆನ್ಸಿಲಿನಿಂದ ಗೀಟು ಹಾಕುತ್ತ ವರ್ಷವಿಡೀ ಕಾದ. ಈ ಮೇ ತಿಂಗಳಲ್ಲಿ ಮತ್ತೆ ಬಂದಾಗ 142 ಆಗಿದ್ದ.

ನಾವು ನಾಲ್ವರಿಗೆ ಜಾಲತಾಣದಲ್ಲಿ ವಾರಕ್ಕೆ ಮೊದಲೇ ಟಿಕೆಟ್ ತೆಗೆದೆವು. ಟಿಕೆಟಿನ ಪುಟದ ನೆತ್ತಿಯಲ್ಲಿ ಅದೇ ರೋಲರ್ ಕೋಸ್ಟರಿನ ಚಿತ್ರವಿತ್ತು. ಸರದಿ ನಿಲ್ಲದೆ ಹೋಗಲು ಹೆಚ್ಚಿನ ಹಣದ ಟಿಕೆಟನ್ನೂ ಅಲ್ಲೇ ಮಾರುತ್ತಿದ್ದರು. ಹುಡುಗನ ಆಸೆ ನೋಡಿ ಅವನಿಗೂ ನನಗೂ ಅದನ್ನು ಕೊಂಡೆ. ಒಟ್ಟು ಆರು ಸಾವಿರ ರೂಪಾಯಿ ದಾಟಿತು. ಹೆಬ್ಬಾಗಿಲಲ್ಲಿ ಕೈಗೆ ಪಟ್ಟಿ ಕಟ್ಟಿದವರು ಏನೂ ಹೇಳಲಿಲ್ಲ, ಕೈಗಿತ್ತ ನಕ್ಷೆಯಲ್ಲೂ ಏನೂ ಇರಲಿಲ್ಲ. ಬಿಸಿಲಿನಲ್ಲಿ ಉದ್ಯಾನದ ಆ ತುದಿಯವರೆಗೆ ನಡೆದು ಹೋದಾಗ ಕಂಡದ್ದು ಹಸಿರು ಬಟ್ಟೆಯ ಬೇಲಿ, ಅದಕ್ಕೆ ತೂಗಹಾಕಿದ 'ನಿರ್ವಹಣೆಗಾಗಿ ಮುಚ್ಚಲಾಗಿದೆ' ಎಂಬ ಫಲಕ. ಮುಚ್ಚಿ ಎರಡು ತಿಂಗಳಾಯಿತೆಂದು ನಮಗೆ ತಿಳಿಸಿದವನು ಪಕ್ಕದಲ್ಲಿ ಕಬ್ಬಿನ ಹಾಲು ಮಾರುತ್ತಿದ್ದ ಹುಡುಗ. ಅಳಿಯ ಅಳಲಿಲ್ಲ, "ಇರಲಿ ಮಾವ" ಎಂದ. ಹದಿಮೂರರ ಹುಡುಗ ಹಾಗೆ ಹೇಳಿದ್ದು ನನಗೆ ಹೆಚ್ಚು ನೋವು ತಂದಿತು.

ನಾನು ಕಾರ್ಖಾನೆಯೊಂದರಲ್ಲಿ 31 ವರ್ಷ ಕ್ರೇನುಗಳ ನಿರ್ವಹಣೆಯ ಕೆಲಸ ಮಾಡಿ ನಿವೃತ್ತನಾದವನು. ಆದ್ದರಿಂದ ಯಂತ್ರವನ್ನು ನಿಲ್ಲಿಸಿದ್ದರ ಬಗ್ಗೆ ನನ್ನ ದೂರಿಲ್ಲ. ನಿಲ್ಲಿಸಬೇಕಾದಾಗ ನಿಲ್ಲಿಸದವರನ್ನು ಕಂಡರೆ ನನಗೆ ಭಯ. ರೋಲರ್ ಕೋಸ್ಟರಿನ ಬಂಡಿಗೆ ಮೂರು ಬಗೆಯ ಗಾಲಿಗಳಿರುತ್ತವೆ: ಹಳಿಯ ಮೇಲೆ ಕುಳಿತು ಭಾರ ಹೊರುವವು, ಪಕ್ಕದಿಂದ ಒತ್ತಿ ಹಿಡಿಯುವವು, ಹಳಿಯ ಅಡಿಯಿಂದ ಅಪ್ಪಿಕೊಂಡು ಬಂಡಿ ಮೇಲಕ್ಕೆ ಹಾರದಂತೆ ತಡೆಯುವವು. ಮೇಲಕ್ಕೆ ಏರುವಾಗ ಕೇಳುವ ಟಕಟಕ ಸದ್ದಿಗೆ ಮಕ್ಕಳು ಹೆದರುತ್ತಾರೆ. ಅದು ನಿಜಕ್ಕೂ ಧೈರ್ಯ ಕೊಡಬೇಕಾದ ಸದ್ದು, ಏಕೆಂದರೆ ಚೈನು ತುಂಡಾದರೂ ಬಂಡಿ ಹಿಂದಕ್ಕೆ ಜಾರದಂತೆ ಕೊಕ್ಕೆಯೊಂದು ಹಲ್ಲಿನಿಂದ ಹಲ್ಲಿಗೆ ಬೀಳುತ್ತ ಹೋಗುತ್ತದೆ. ಇಳಿಜಾರಿನ ತಳದಲ್ಲಿ ಬಂಡಿಯ ತೂಕ ಹಲವು ಪಟ್ಟಾಗಿ ಹಳಿಯನ್ನು ಒತ್ತುತ್ತದೆ, ಅದೂ ಪ್ರತಿ ಸುತ್ತಿನಲ್ಲಿ ಅದೇ ಜಾಗದಲ್ಲಿ, ದಿನಕ್ಕೆ ನೂರಾರು ಸಲ. ಉಕ್ಕು ಬಾಗದಿದ್ದರೂ ದಣಿಯುತ್ತದೆ. ಆ ದಣಿವು ಮೊದಲು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಬೆಸುಗೆಯ ಅಂಚಿನಲ್ಲಿ, ಕೂದಲೆಳೆಗಿಂತ ಸಣ್ಣ ಬಿರುಕಾಗಿ. ಬರಿಗಣ್ಣಿಗೆ ಅದು ಸಿಕ್ಕುವುದಿಲ್ಲ. ಕ್ರೇನಿನ ಕೊಕ್ಕೆಗೆ ನಾವು ಮಾಡುತ್ತಿದ್ದಂತೆ ಕೆಂಪು ಬಣ್ಣ ಬಳಿದು, ಇಂಗಲು ಬಿಟ್ಟು, ಒರೆಸಿ, ಮೇಲೆ ಬಿಳಿಯ ದ್ರವ ಸಿಂಪಡಿಸಿದರೆ ಬಿರುಕಿದ್ದಲ್ಲಿ ಕೆಂಪು ಗೆರೆಯೊಂದು ಮೂಡುತ್ತದೆ. ಬೆಸುಗೆಗಳನ್ನು ಒಂದೊಂದಾಗಿ ಹೀಗೆ ನೋಡಬೇಕು. ಬಂಡಿಗಳನ್ನು ಅಚ್ಚಿನವರೆಗೂ ಬಿಚ್ಚಬೇಕು. ಕೊನೆಗೆ ಜನರ ಬದಲು ನೀರು ತುಂಬಿದ ಬೊಂಬೆಗಳನ್ನೋ ಮರಳಿನ ಚೀಲಗಳನ್ನೋ ಕೂರಿಸಿ ಮತ್ತೆ ಮತ್ತೆ ಓಡಿಸಿ ನೋಡಬೇಕು. ಇದು ವಾರದಲ್ಲಿ ಮುಗಿಯುವ ಕೆಲಸವಲ್ಲ.

ನಮ್ಮ ಈ ಕರಾವಳಿಯಲ್ಲಂತೂ ಕೆಲಸ ಇನ್ನೂ ಹೆಚ್ಚು. ಜೂನಿನಿಂದ ಸೆಪ್ಟೆಂಬರಿನೊಳಗೆ ಮುಂಬಯಿಯಲ್ಲಿ ಬೀಳುವ ಮಳೆ 2000 ಮಿಲಿಮೀಟರಿಗೂ ಮೇಲೆ. 1989ರಲ್ಲಿ ಗೊರಾಯಿಯಲ್ಲಿ ಎಸ್ಸೆಲ್‌ವರ್ಲ್ಡ್ ಆರಂಭವಾದಾಗಿನಿಂದ ಇಲ್ಲಿ ಇಂಥ ಉದ್ಯಾನ ನಡೆಸಿದವರೆಲ್ಲ ಈ ತೇವದೊಡನೆ ಬಾಳಬೇಕಾಗಿದೆ. ಬಣ್ಣದ ಪದರು ಎಲ್ಲಿ ಎದ್ದಿತೋ ಅಲ್ಲಿ ತುಕ್ಕು ಒಳಹೊಕ್ಕಿತೆಂದೇ ಲೆಕ್ಕ.

ಹೊರದೇಶಗಳಲ್ಲಿ ಜನಪ್ರಿಯ ರೋಲರ್ ಕೋಸ್ಟರುಗಳು ವರ್ಷಗಟ್ಟಲೆ ಮುಚ್ಚಿದ್ದುಂಟು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ 1977ರ ಸ್ಪೇಸ್ ಮೌಂಟನ್ 2003ರ ಏಪ್ರಿಲಿನಲ್ಲಿ ಮುಚ್ಚಿ 2005ರ ಜುಲೈನಲ್ಲಿ ತೆರೆಯಿತು. ಒಳಗಿನ ಹಳಿಯನ್ನೇ ಪೂರ್ತಿಯಾಗಿ ಹೊಸದಾಗಿ ಹಾಕಿದ್ದರು. ಫ್ಲಾರಿಡಾದಲ್ಲಿ 1999ರಿಂದ ಓಡುತ್ತಿದ್ದ ಇನ್‌ಕ್ರೆಡಿಬಲ್ ಹಲ್ಕ್ 2015ರ ಸೆಪ್ಟೆಂಬರಿನಿಂದ ಮುಂದಿನ ಬೇಸಗೆಯವರೆಗೆ ಹಳಿ ಬದಲಿಸಿಕೊಳ್ಳುತ್ತ ನಿಂತಿತ್ತು. ಇಂಗ್ಲೆಂಡಿನ ಆಲ್ಟನ್ ಟವರ್ಸ್‌ನಲ್ಲಿ 1994ರ ನೆಮೆಸಿಸ್ 2022ರ ನವೆಂಬರಿನಲ್ಲಿ ನಿಂತು, ಬಹುಪಾಲು ಹೊಸ ಹಳಿಯೊಂದಿಗೆ, ಆದರೆ ಅದೇ ತಿರುವು ಅದೇ ಇಳಿಜಾರಿನಲ್ಲಿ, 2024ರ ಮಾರ್ಚಿನಲ್ಲಿ ಓಡತೊಡಗಿತು. ನನಗೆ ತೀರ ಮೆಚ್ಚುಗೆಯಾದುದು ಟೋಕಿಯೋದ ನಡೆ. ಅಲ್ಲಿನ ಡಿಸ್ನಿಲ್ಯಾಂಡಿನಲ್ಲಿ 1983ರಿಂದ ಇದ್ದ ಸ್ಪೇಸ್ ಮೌಂಟನ್ ಅನ್ನು 2024ರಲ್ಲಿ ಮುಚ್ಚಿ, ಕೆಡವಿ, ಹೊಸದನ್ನು 2027ರಲ್ಲಿ ತೆರೆಯುವುದಾಗಿ 2022ರಲ್ಲಿಯೇ ಪ್ರಕಟಿಸಿದ್ದರು. ಎರಡು ವರ್ಷ ಮುಂಚೆ! ಕೊನೆಯ ಬಾರಿ ಕೂರಬೇಕೆಂದವರು ಹೋಗಿ ಕೂತು ಬಂದರು, ಇಲ್ಲದಾಗ ಹೋಗಬಾರದೆಂದವರು ಹೋಗಲಿಲ್ಲ.

ತೆರೆಯುವ ದಿನ ತಪ್ಪುವುದೂ ಉಂಟು, ಅದನ್ನೂ ನಾನು ಅರ್ಥ ಮಾಡಿಕೊಳ್ಳಬಲ್ಲೆ. ಅಮೆರಿಕದ ಸೀಡರ್ ಪಾಯಿಂಟ್‌ನ ಟಾಪ್ ಥ್ರಿಲ್ ಡ್ರ್ಯಾಗ್‌ಸ್ಟರ್ 2021ರ ಆಗಸ್ಟಿನ ಅವಘಡದ ನಂತರ ನಿಂತು, ಹೊಸ ರೂಪದಲ್ಲಿ 2024ರ ಮೇ ತಿಂಗಳಲ್ಲಿ ಆರಂಭವಾಗಿ, ಸುಮಾರು ಒಂದು ವಾರದಲ್ಲೇ ಮತ್ತೆ ನಿಂತಿತು; ಪುನಃ ಓಡಿದ್ದು 2025ರಲ್ಲಿ. ಬಂಡಿಗಳಲ್ಲಿ ದೋಷ ಕಂಡ ಮೇಲೆ ಓಡಿಸದಿರುವುದೇ ಸರಿ. ಡಿಸ್ನಿಲ್ಯಾಂಡಿನ ಬಿಗ್ ಥಂಡರ್ ಮೌಂಟನ್‌ನಲ್ಲಿ 2003ರ ಸೆಪ್ಟೆಂಬರಿನಲ್ಲಿ ಬಂಡಿ ಹಳಿತಪ್ಪಿ ಒಬ್ಬ ಯುವಕ ಸತ್ತಾಗ, ನಿರ್ವಹಣೆಯಲ್ಲಿನ ಲೋಪವೇ ಕಾರಣವೆಂದು ತನಿಖೆ ಹೇಳಿತು. ಅದೇ ರೋಲರ್ ಕೋಸ್ಟರನ್ನು 2013ರ ಜನವರಿಯಿಂದ 2014ರ ಮಾರ್ಚಿನವರೆಗೆ ಮುಚ್ಚಿ ಹಳಿ ಬದಲಿಸಿದರು. ಈ ಎರಡನ್ನೂ ಜೊತೆಗಿಟ್ಟು ನೋಡಿದವರಿಗೆ ಹದಿನಾಲ್ಕು ತಿಂಗಳು ದೀರ್ಘವೆನ್ನಿಸಲಾರದು.

ಹಾಗಾದರೆ ನನ್ನ ತಕರಾರು ಏನು? ಹಬ್ಬದ ಊಟಕ್ಕೆ ಕರೆದು, ಎಲೆ ಹಾಕಿ, ಪಾಯಸ ಈ ಸಲ ಇಲ್ಲವೆಂದು ಮೊದಲೇ ಹೇಳಿದರೆ ಯಾರೂ ಬೇಸರಿಸುವುದಿಲ್ಲ. ಇಲ್ಲಿ ಪಾಯಸದ ಚಿತ್ರ ತೋರಿಸಿ ಹಣ ತೆಗೆದುಕೊಂಡಿದ್ದಾರೆ. ಸರದಿ ತಪ್ಪಿಸುವ ಟಿಕೆಟನ್ನು ಜನ ಕೊಳ್ಳುವುದು ಮುಖ್ಯವಾಗಿ ಆ ಒಂದು ರೋಲರ್ ಕೋಸ್ಟರಿಗಾಗಿ; ಅದು ಎರಡು ತಿಂಗಳಿಂದ ನಿಂತಿರುವಾಗ ಅದೇ ಬೆಲೆಗೆ ಆ ಟಿಕೆಟನ್ನು ಮಾರುವುದು ನ್ಯಾಯವಲ್ಲ. ನೆರವಿನ ಕೌಂಟರಿನಲ್ಲಿ ವಿಚಾರಿಸಿದಾಗ, ಯಾವುದೇ ಆಟವನ್ನು ಮುನ್ಸೂಚನೆಯಿಲ್ಲದೆ ನಿಲ್ಲಿಸುವ ಹಕ್ಕು ತಮಗಿದೆಯೆಂದು ಷರತ್ತುಗಳಲ್ಲಿ ಬರೆದಿದೆ ಎಂದರು. ಬರೆದದ್ದು ನಿಜ. ಆದರೆ ಆ ಷರತ್ತು ಇರುವುದು ಮಿಂಚು ಹೊಡೆದಾಗ, ಗಾಳಿ ಎದ್ದಾಗ, ಸೆನ್ಸರ್ ಕೈಕೊಟ್ಟಾಗ ತಟ್ಟನೆ ನಿಲ್ಲಿಸಬೇಕಾಗುತ್ತದೆ ಎಂಬ ಕಾರಣಕ್ಕೆ. ಎರಡು ತಿಂಗಳ ಹಿಂದೆಯೇ ಬೇಲಿ ಕಟ್ಟಿದವರಿಗೆ ಮುನ್ಸೂಚನೆ ಕೊಡಲು ಬೇಕಾದಷ್ಟು ಸಮಯವಿತ್ತು. ಯಾವಾಗ ತೆರೆಯುತ್ತದೆ ಎಂದರೆ "ಲವಕರಚ್" ಎಂದಷ್ಟೇ ಉತ್ತರ ಬಂತು, ಅಂದರೆ ಬೇಗನೇ. ಏನು ಕೆಲಸ ನಡೆಯುತ್ತಿದೆ ಎಂಬುದು ಆ ಕೌಂಟರಿನವರಿಗೂ ತಿಳಿದಿರಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ; ಅವರಿಗೂ ಯಾರೂ ಹೇಳಿಲ್ಲ.

ಡೊಂಬಿವಲಿಯವರಿಗೆ ಮುಚ್ಚುಗಡೆ ಹೊಸದಲ್ಲ. ಭಾನುವಾರದ ಮೆಗಾಬ್ಲಾಕ್, ಅಂದರೆ ಹಳಿಗಳ ದುರಸ್ತಿಗಾಗಿ ಕೆಲವು ತಾಸು ಲೋಕಲ್ ರೈಲು ನಿಲ್ಲಿಸುವುದನ್ನು, ನೋಡಿಕೊಂಡೇ ನಾವು ಮದುವೆಗೂ ಮಾಹಿಮಿನ ಕರ್ನಾಟಕ ಸಂಘದ ಕಾರ್ಯಕ್ರಮಕ್ಕೂ ಹೊರಡುವವರು. 2024ರ ಮೇ ಕೊನೆಯಿಂದ ಜೂನ್ 2ರವರೆಗೆ ಥಾಣೆಯಲ್ಲಿ 5 ಮತ್ತು 6ನೆಯ ಪ್ಲಾಟ್‌ಫಾರ್ಮ್ ಅಗಲಗೊಳಿಸಲು ಮಧ್ಯ ರೈಲ್ವೆ 63 ತಾಸುಗಳ ಬ್ಲಾಕ್ ತೆಗೆದುಕೊಂಡಾಗ ನೂರಾರು ಲೋಕಲುಗಳು ರದ್ದಾದವು, ಬಹಳ ಕಷ್ಟವೂ ಆಯಿತು. ಆದರೆ ಯಾವ ಪ್ಲಾಟ್‌ಫಾರ್ಮ್, ಎಷ್ಟು ತಾಸು, ಯಾವ ಕೆಲಸ ಎಂಬುದು ಪತ್ರಿಕೆಗಳಲ್ಲಿ ಬಂದಿತ್ತು. ಲಕ್ಷಾಂತರ ಜನರ ರೈಲಿಗೆ ಸಾಧ್ಯವಾದದ್ದು ಒಂದು ಉದ್ಯಾನಕ್ಕೆ ಯಾಕೆ ಸಾಧ್ಯವಿಲ್ಲ ಎಂದು ನನಗೆ ತಿಳಿಯುವುದಿಲ್ಲ.

ಅಂದಿನ ಅತ್ಯುತ್ತಮ ಸೇವೆ ನಮಗೆ ಸಿಕ್ಕಿದ್ದು ಆ ಬೇಲಿಯ ಬಳಿಯೇ. ಬಟ್ಟೆ ಹರಿದಿದ್ದ ಕಡೆ ಅಳಿಯ ಇಣುಕುತ್ತಿದ್ದ. ಒಳಗೆ ಮರದ ದಿಮ್ಮಿಗಳ ಮೇಲೆ ಎತ್ತಿಟ್ಟ ಬಂಡಿಯ ಚೌಕಟ್ಟು, ಅದರ ಪಕ್ಕ ತಗಡಿನ ಹಾಳೆಯ ಮೇಲೆ ಸಾಲಾಗಿ ಜೋಡಿಸಿದ್ದ ಗಾಲಿಗಳು ಕಾಣುತ್ತಿದ್ದವು. ಎಣ್ಣೆ ಮೆತ್ತಿದ ಅಂಗಿಯ ಮೆಕ್ಯಾನಿಕ್ ಒಬ್ಬರು ಅದನ್ನು ಗಮನಿಸಿ, ಗದರಿಸುವ ಬದಲು ಹತ್ತಿರ ಬಂದರು. ನಾನು ಕ್ರೇನಿನ ಕೆಲಸದವನೆಂದು ತಿಳಿದ ಮೇಲೆ ಅವರ ಮಾತು ಸಲೀಸಾಯಿತು. "ಕಾಕಾ, ಹಳಿ ಗಟ್ಟಿ ಇದೆ. ಗಾಲಿಗಳ ಮೇಲಿನ ಪದರು ಏಳುತ್ತಿತ್ತು, ಬೇರಿಂಗೂ ಸವೆದಿತ್ತು. ಹೊಸ ಸಾಮಾನು ಹೊರದೇಶದಿಂದ ಬರಬೇಕು" ಎಂದು ಮರಾಠಿಯಲ್ಲಿ ವಿವರಿಸಿದರು. ಬದಲಿ ಗಾಲಿ ಹಾಕಿ ಓಡಿಸಬಹುದಲ್ಲ ಎಂದು ಯಾರೋ ಮೇಲಿನವರು ಕೇಳಿದ್ದರಂತೆ, ಇವರು ಒಪ್ಪಲಿಲ್ಲವಂತೆ. ಆ ಮಾತಿಗೆ ನಾನು ಕೈಮುಗಿದೆ. ಅವರು ಹಳೆಯ ಗಾಲಿಯೊಂದನ್ನು ಬೇಲಿಯವರೆಗೆ ತಂದು ಅಳಿಯನ ಬೆರಳನ್ನು ಅದರ ಮೇಲಾಡಿಸಿ, ಪದರು ಎದ್ದ ಜಾಗವನ್ನು ಮುಟ್ಟಿಸಿ ತೋರಿಸಿದರು. ಹುಡುಗ ಹತ್ತು ನಿಮಿಷ ಪ್ರಶ್ನೆ ಕೇಳಿದ.

ಮುಖ್ಯವಾದ ಆಕರ್ಷಣೆ ನಿಂತಿರುವ ದಿನಗಳಲ್ಲಿ ಒಂದು ಉದ್ಯಾನ ಕೊಡಬಹುದಾದದ್ದು ಏನೆಂದು ಅಲ್ಲಿ ನನಗೆ ಕಂಡಿತು. ಆ ಹಸಿರು ಬಟ್ಟೆಯಲ್ಲಿ ಒಂದು ಗಾಜಿನ ಕಿಟಕಿ ಇಟ್ಟು, ಬಿಚ್ಚಿದ ಗಾಲಿಯೊಂದನ್ನು ಮೇಜಿನ ಮೇಲೆ ಇರಿಸಿ, ಯಾವ ಕೆಲಸ ಯಾಕೆ ನಡೆಯುತ್ತಿದೆಯೆಂದು ಮರಾಠಿಯಲ್ಲಿ ನಾಲ್ಕು ಸಾಲು ಬರೆದಿಟ್ಟಿದ್ದರೆ ನೂರಾರು ಮಕ್ಕಳು ಅಲ್ಲಿ ನಿಲ್ಲುತ್ತಿದ್ದರು. ಟಿಕೆಟಿನ ಪುಟದಲ್ಲಿ, ಹಣ ಕಟ್ಟುವ ಗುಂಡಿಯ ಮೇಲೆಯೇ, ಈ ದಿನ ಈ ಆಟ ಇರುವುದಿಲ್ಲ ಎಂಬ ಒಂದು ಸಾಲು ಬೇಕು. ಬೆಲೆಯನ್ನೂ ಇಳಿಸಬೇಕು, ಇಲ್ಲವೇ ತೆರೆದ ಮೇಲೆ ಮತ್ತೊಮ್ಮೆ ಬರಲು ಚೀಟಿ ಕೊಡಬೇಕು. ನಮಗೆ ಎರಡೂ ಸಿಗಲಿಲ್ಲ.

ಉಳಿದ ಉದ್ಯಾನದ ಬಗ್ಗೆ ಹೇಳಬೇಕೆಂದರೆ, ಶೌಚಾಲಯಗಳು ಸ್ವಚ್ಛವಾಗಿದ್ದವು, ಕುಡಿಯುವ ನೀರು ತಣ್ಣಗಿತ್ತು, ಚಿಕ್ಕ ರೋಲರ್ ಕೋಸ್ಟರಿನ ಸಿಬ್ಬಂದಿ ಪ್ರತಿಯೊಬ್ಬರ ಸರಳನ್ನೂ ಕೈಯಿಂದ ಎಳೆದು ನೋಡಿಯೇ ಬಂಡಿ ಬಿಟ್ಟರು. ಊಟ ದುಬಾರಿ, ರುಚಿ ಸಾಧಾರಣ. ಪುಟ್ಟ ಮಕ್ಕಳಿರುವ ಮನೆಯವರಿಗೆ ದಿನ ಚೆನ್ನಾಗಿಯೇ ಕಳೆಯುತ್ತದೆ. ದೊಡ್ಡ ರೋಲರ್ ಕೋಸ್ಟರಿಗಾಗಿಯೇ ಹೋಗುವವರಿಗೆ ಸದ್ಯ ಈ ಉದ್ಯಾನವನ್ನು ನಾನು ಶಿಫಾರಸು ಮಾಡಲಾರೆ. ಹೋಗಲೇಬೇಕೆಂದಿದ್ದರೆ ಟಿಕೆಟ್ ಕೊಳ್ಳುವ ಮುನ್ನ ದೂರವಾಣಿ ಮಾಡಿ, 'ಎಲ್ಲ ಆಟಗಳೂ ಇವೆಯೇ' ಎಂದು ಕೇಳಬೇಡಿ, ಆ ಆಟದ ಹೆಸರು ಹಿಡಿದೇ ಕೇಳಿ. ಮೊದಲನೆಯ ಪ್ರಶ್ನೆಗೆ ನನಗೆ ಹೌದೆಂಬ ಉತ್ತರವೇ ಬಂದಿತ್ತು.

ಅಳಿಯ ದಸರಾ ರಜೆಗೆ ಮತ್ತೆ ಬರುತ್ತೇನೆ ಎಂದಿದ್ದಾನೆ. ಮೊನ್ನೆ ಫೋನಿನಲ್ಲಿ ಅವನು ಕೇಳಿದ್ದು ರೋಲರ್ ಕೋಸ್ಟರ್ ತೆರೆಯಿತೇ ಎಂದಲ್ಲ. "ಮಾವ, ಅವರ ಗಾಲಿ ಬಂತಾ?" ಎಂದು ಕೇಳಿದ.