ಕ್ಯಾರವಾನಿಗೆ ಬ್ಯೂಟೇನೋ, ಪ್ರೊಪೇನೋ?

ಬ್ರಿಟನ್ನಿನಲ್ಲಿ ಕ್ಯಾರವಾನ್ (ಕಾರಿನ ಹಿಂದೆ ಎಳೆದೊಯ್ಯುವ ಚಕ್ರದ ಮನೆ) ತಗೊಂಡವರು ಅದರ ಒಲೆಗೆ ಗ್ಯಾಸ್ ಆರಿಸುವಾಗ ಮೊದಲು ನೋಡಬೇಕಾದದ್ದು ಚಳಿ. ಅಲ್ಲಿನ ಕ್ಯಾಲರ್ ಗ್ಯಾಸ್ ಕಂಪನಿಯ ನೀಲಿ ಸಿಲಿಂಡರಿನಲ್ಲಿ ಬ್ಯೂಟೇನ್, ಕೆಂಪಿನಲ್ಲಿ ಪ್ರೊಪೇನ್ ಇರುತ್ತದೆ. ಸೊನ್ನೆ ಡಿಗ್ರಿಯ ಹತ್ತಿರ ಬ್ಯೂಟೇನ್ ಆವಿಯಾಗುವುದೇ ನಿಂತುಹೋಗುತ್ತದೆ. ಸಿಲಿಂಡರ್ ತುಂಬಿದ್ದರೂ ಒಲೆ ಹತ್ತುವುದಿಲ್ಲ! ಪ್ರೊಪೇನ್ ಸುಮಾರು ಮೈನಸ್ 42ರವರೆಗೂ ಆವಿಯಾಗುತ್ತದೆ. ಸ್ಕಾಟ್ಲೆಂಡಿನ ಚಳಿಗಾಲಕ್ಕೆ ಅದೇ ಬೇಕು. ಬೇಸಿಗೆಯಲ್ಲಿ ಮಾತ್ರ ಸುತ್ತುವವರಿಗೆ ಬ್ಯೂಟೇನ್ ಸಾಕು, ಅಷ್ಟೇ ಜಾಗದಲ್ಲಿ ತುಸು ಜಾಸ್ತಿ ಶಾಖ ಸಿಗುತ್ತದೆ. ತೂಕ ಎತ್ತಲು ಕಷ್ಟವಾದರೆ ಚಿಕ್ಕ ಸಿಲಿಂಡರನ್ನೇ ಆರಿಸಿ.

ಯಾವುದೇ ಆಗಲಿ, ನೆಟ್ಟಗೆ ನಿಲ್ಲಿಸಿ ಬೆಲ್ಟ್ ಬಿಗಿಯಿರಿ. ಎರಡೂ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ತುಂಬಿಕೊಳ್ಳುತ್ತದೆ. ಹಾಗಾಗಿ ಸಿಲಿಂಡರ್ ಇಡುವ ಪೆಟ್ಟಿಗೆಯ ತಳದ ಗಾಳಿಕಿಂಡಿಯನ್ನು ದಯವಿಟ್ಟು ಮುಚ್ಚಬೇಡಿ. ಸಿಲಿಂಡರ್ ಜೋಡಿಸಿದ ಮೇಲೆ ಜೋಡಣೆಯ ಜಾಗಕ್ಕೆ ಸೋಪಿನ ನೀರು ಹಚ್ಚಿ, ಗುಳ್ಳೆ ಬರುತ್ತಾ ನೋಡಿ. ಗಾಡಿ ಹೊರಡುವ ಮುಂಚೆ ವಾಲ್ವ್ ಬಂದ್ ಮಾಡಿ.