ತರಗತಿಗೆ ಬಿಎಲ್‌ಡಿಸಿ ಫ್ಯಾನ್: ಯಾವ ಕೋಣೆಗೆ ಹಾಕಿದರೆ ದುಡ್ಡು ಉಳಿಯುತ್ತದೆ?

ಮುಂಬಯಿಯ ಕನ್ನಡ ಶಾಲೆಗಳಲ್ಲಿ ಎಸಿ ಇದ್ದರೆ ಹೆಚ್ಚೆಂದರೆ ಕಂಪ್ಯೂಟರ್ ಕೋಣೆಗೆ. ಉಳಿದಂತೆ ತರಗತಿಗೆ ನಾಲ್ಕು ಫ್ಯಾನು, ನಾಲ್ಕು ಟ್ಯೂಬು, ಮುಗಿಯಿತು. ಆದ್ದರಿಂದ ಸಂಘದ ಸಭೆಯಲ್ಲಿ ಲೈಟ್ ಬಿಲ್ಲಿನ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ‘ಎಲ್ಲ ತೆಗೆದು ಬಿಎಲ್‌ಡಿಸಿ ಹಾಕಿಬಿಡೋಣ’ ಅನ್ನುತ್ತಾರೆ. ಬಿಎಲ್‌ಡಿಸಿ ಎಂದರೆ ಕಡಿಮೆ ಕರೆಂಟು ತಿನ್ನುವ ಬ್ರಷ್‌ಲೆಸ್ ಮೋಟಾರಿನ ಫ್ಯಾನು. ಫ್ಯಾನಿನ ಬಗ್ಗೆ ತಕರಾರಿಲ್ಲ, ‘ಎಲ್ಲ ತೆಗೆದು’ ಅನ್ನುವುದರ ಬಗ್ಗೆ ಇದೆ.

ಹಳೆಯ 1200 ಮಿ.ಮೀ. ಫ್ಯಾನು ಪೂರ್ತಿ ವೇಗದಲ್ಲಿ 70ರಿಂದ 80 ವ್ಯಾಟ್ ಎಳೆಯುತ್ತದೆ. ಅಷ್ಟೇ ಗಾಳಿಗೆ ಬಿಎಲ್‌ಡಿಸಿ 28ರಿಂದ 35 ವ್ಯಾಟ್ ಸಾಕು ಅನ್ನುತ್ತದೆ. ಒಳಗೆ ಕಾಯಂ ಅಯಸ್ಕಾಂತವಿರುವ ಮೋಟಾರು, ಅದನ್ನು ತಿರುಗಿಸಲು ಒಂದು ಪುಟ್ಟ ಎಲೆಕ್ಟ್ರಾನಿಕ್ ಬೋರ್ಡು. ಉಳಿತಾಯ ಈ ಜೋಡಿಯಿಂದ, ಮುಂದೆ ಕೆಡುವುದು ಬಹುತೇಕ ಆ ಬೋರ್ಡೇ. ಆಟಂಬರ್ಗ್, ಕ್ರಾಂಪ್ಟನ್, ಹ್ಯಾವೆಲ್ಸ್, ಓರಿಯೆಂಟ್ ಎಲ್ಲರದೂ ಇದೇ ಕ್ರಮ. ಸಾದಾ ಮಾದರಿ ಸುಮಾರು 2,500ರಿಂದ 3,500 ರೂಪಾಯಿಗೆ ಸಿಗುತ್ತದೆ. ಒಳಗೆ ದೀಪ, ಮೊಬೈಲ್ ಆ್ಯಪ್, ಮರದ ಬಣ್ಣ ಇರುವವು ಮನೆಯ ಹಾಲಿಗೆ ಇರಲಿ, ಶಾಲೆಗೆ ಬೇಡ.

ಈಗ ಲೆಕ್ಕ. ಉಳಿಯುವುದು 45 ವ್ಯಾಟ್ ಎಂದು ಹಿಡಿಯಿರಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ 200 ದಿನ, 6ರಿಂದ 8ಕ್ಕೆ 220 ದಿನ ಶಾಲೆ ನಡೆಯಬೇಕು. 220ನ್ನೇ ತೆಗೆದುಕೊಳ್ಳೋಣ. ಒಂದೇ ಪಾಳಿಯ ಕೋಣೆಯಲ್ಲಿ ದಿನಕ್ಕೆ ಆರು ಗಂಟೆ ಓಡುವ ಫ್ಯಾನು ವರ್ಷಕ್ಕೆ ಸುಮಾರು 59 ಯುನಿಟ್ ಉಳಿಸುತ್ತದೆ. ಬೆಳಿಗ್ಗೆ ಪ್ರಾಥಮಿಕ, ಮಧ್ಯಾಹ್ನ ಹೈಸ್ಕೂಲು, ಸಂಜೆ ರಾತ್ರಿಶಾಲೆ ಅಥವಾ ಕ್ಲಾಸು ಎಂದು ಹನ್ನೆರಡು ಗಂಟೆ ನಡೆಯುವ ಕೋಣೆಯಲ್ಲಿ ಅದೇ ಫ್ಯಾನು 119 ಯುನಿಟ್ ಉಳಿಸುತ್ತದೆ. ಯುನಿಟ್ಟಿಗೆ 10 ರೂಪಾಯಿ ಹಾಕಿದರೆ 2,800 ರೂಪಾಯಿಯ ಫ್ಯಾನಿನ ದುಡ್ಡು ಎರಡು ಮೂರು ಪಾಳಿಯ ಕೋಣೆಯಲ್ಲಿ ಎರಡೂವರೆ ವರ್ಷದೊಳಗೆ ವಾಪಸು ಬರುತ್ತದೆ. ಒಂದೇ ಪಾಳಿಯಲ್ಲಿ ಐದು ವರ್ಷದ ಹತ್ತಿರ. ಡಿಸೆಂಬರ್-ಜನವರಿಯಲ್ಲಿ ಫ್ಯಾನು ಅಷ್ಟು ಓಡದೆ ಇದ್ದರೆ ಇನ್ನೂ ತಡ. ವಾರಂಟಿ ಮಾತ್ರ ಸಾಮಾನ್ಯವಾಗಿ ಎರಡು ಮೂರು ವರ್ಷದ್ದು. ಕೋಣೆ ನೋಡಿ ಹಾಕಿ ಅನ್ನುವುದು ಇದಕ್ಕೇ. ಸ್ಟಾಫ್ ರೂಮ್, ಆಫೀಸು, ಪಾಳಿಯ ಮೇಲೆ ಪಾಳಿ ನಡೆಯುವ ತರಗತಿಗಳು ಮೊದಲು. ವಾರಕ್ಕೆರಡು ಸಲ ತೆರೆಯುವ ಚಿತ್ರಕಲೆಯ ಕೋಣೆಗೂ ಸಭಾಂಗಣಕ್ಕೂ ಹಳೆಯದೇ ಇರಲಿ.

ಯುನಿಟ್ ದರ ತೆಗೆಯುವಾಗ ಬಿಲ್ಲಿನ ಒಟ್ಟು ಮೊತ್ತವನ್ನು ಯುನಿಟ್ಟಿನಿಂದ ಭಾಗಿಸಬೇಡಿ. ಫಿಕ್ಸ್‌ಡ್ ಚಾರ್ಜು ಫ್ಯಾನು ಬದಲಿಸಿದ ಮಾತ್ರಕ್ಕೆ ಇಳಿಯುವುದಿಲ್ಲ. ಎನರ್ಜಿ ಚಾರ್ಜು, ವ್ಹೀಲಿಂಗು (ಕರೆಂಟು ಸಾಗಿಸುವ ಶುಲ್ಕ), ಇಂಧನ ಹೊಂದಾಣಿಕೆ, ಅವುಗಳ ಮೇಲಿನ ಸುಂಕ, ಇಷ್ಟನ್ನೇ ಕೂಡಿಸಿ. ಬಿಲ್ಲು ಕೈಯಲ್ಲಿರುವಾಗಲೇ ಇನ್ನೊಂದನ್ನು ನೋಡಿಬಿಡಿ: ಬೆಸ್ಟ್, ಅದಾನಿ, ಟಾಟಾ, ಮಹಾವಿತರಣ ಯಾರದೇ ಮೀಟರಿರಲಿ, ಶಾಲೆಗೆ ‘ಪಬ್ಲಿಕ್ ಸರ್ವಿಸ್’ ಎಂಬ ಬೇರೆ ದರಪಟ್ಟಿ ಇದೆ. ನಿಮ್ಮ ಬಿಲ್ಲಿನಲ್ಲಿ ‘ಕಮರ್ಷಿಯಲ್’ ಎಂದಿದ್ದರೆ ಫ್ಯಾನಿನ ಮಾತು ಆಮೇಲೆ. ಮೊದಲು ಶಾಲೆಯ ಮಾನ್ಯತಾ ಪತ್ರ ಲಗತ್ತಿಸಿ ವರ್ಗ ಬದಲಾವಣೆಗೆ ಅರ್ಜಿ ಕೊಡಿ.

ಫ್ಯಾನು ಸುಟ್ಟುಹೋಗಿ ಹೊಸದು ಬೇಕೇಬೇಕು ಎಂದಾಗ ಅಂಗಡಿಯವರು 75 ವ್ಯಾಟಿನ ಹಳೇ ಲೆಕ್ಕವನ್ನೇ ಒಪ್ಪಿಸುತ್ತಾರೆ. ಅದು ಈಗ ಸರಿಯಲ್ಲ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೆ ಬಿಇಇ ಎಂಬ ಸರ್ಕಾರಿ ಸಂಸ್ಥೆಯ, ಕರೆಂಟು ಉಳಿತಾಯದ ದರ್ಜೆ ತೋರಿಸುವ ಸ್ಟಾರ್ ಲೇಬಲ್ ಕಡ್ಡಾಯವಾಗಿದೆ. ಹಾಗಾಗಿ ಇಂದು ಸಿಗುವ ಸಾದಾ ಒಂದು ಸ್ಟಾರ್ ಫ್ಯಾನು ಕೂಡ 50-55 ವ್ಯಾಟಿನ ಆಸುಪಾಸಿಗೆ ಇಳಿದಿದೆ. ಹೊಸ ಸಾದಾ ಫ್ಯಾನಿಗೂ ಬಿಎಲ್‌ಡಿಸಿಗೂ ಇರುವ ಅಂತರ ಸುಮಾರು 22 ವ್ಯಾಟ್, ಬೆಲೆಯ ಅಂತರ ಸುಮಾರು 1,200 ರೂಪಾಯಿ. ಹನ್ನೆರಡು ಗಂಟೆಯ ಕೋಣೆಯಲ್ಲಿ ಈ ಹೆಚ್ಚಿನ ದುಡ್ಡು ಎರಡು ವರ್ಷಕ್ಕೆ, ಆರು ಗಂಟೆಯ ಕೋಣೆಯಲ್ಲಿ ನಾಲ್ಕು ವರ್ಷಕ್ಕೆ ಹುಟ್ಟುತ್ತದೆ. ಸುಟ್ಟ ಹಳೇ ಫ್ಯಾನನ್ನಂತೂ ರಿವೈಂಡಿಂಗಿಗೆ, ಅಂದರೆ ಒಳಗಿನ ತಂತಿ ಮತ್ತೆ ಸುತ್ತಿಸಲು, ಕೊಡಬೇಡಿ. ಕಟ್ಟುವವನು ತಂತಿಯ ಗೇಜು, ಸುತ್ತು ಸರಿಯಾಗಿ ಹಾಕದಿದ್ದರೆ ಮೊದಲಿಗಿಂತ ಹೆಚ್ಚು ಕರೆಂಟು ತಿನ್ನುತ್ತದೆ, ಬಿಸಿಯಾಗುತ್ತದೆ, ಮತ್ತೆ ಸುಡುತ್ತದೆ.

ಆದರೆ ‘ಗಾಳಿಯೇ ಬರೋದಿಲ್ಲ’ ಎಂಬ ದೂರಿಗೆ ಹೊಸ ಫ್ಯಾನು ಉತ್ತರವಲ್ಲ. ಹಳೇ ಫ್ಯಾನಿನಲ್ಲಿ ಬಹಳ ಸಲ ಮೋಟಾರಿಗೆ ಚಾಲನೆ ಕೊಡುವ ಪುಟ್ಟ ಭಾಗ, ಕೆಪಾಸಿಟರ್, ಸೊರಗಿರುತ್ತದೆ. ಅದರ ಮೇಲೆ 2.5 ಅಥವಾ 3.15 ಮೈಕ್ರೋಫ್ಯಾರಡ್ ಎಂದು ಬರೆದಿರುತ್ತದೆ. ಅಷ್ಟರದ್ದೇ ಹಾಕಿ, ಜಾಸ್ತಿಯದು ಹಾಕಿದರೆ ಮೋಟಾರು ಬಿಸಿಯಾಗುತ್ತದೆ. ನೂರು ರೂಪಾಯಿಯೊಳಗಿನ ಕೆಲಸ. ಬಿಲ್ಲು ಇಳಿಯುವುದಿಲ್ಲ, ಗಾಳಿ ಬರುತ್ತದೆ.

ಇನ್ನು ರಿಮೋಟು. ಶಾಲೆಗೆ ಇದರಷ್ಟು ತಲೆನೋವು ಬೇರೆಯಿಲ್ಲ. ಒಂದೇ ಕೋಣೆಯಲ್ಲಿ ಒಂದೇ ಕಂಪನಿಯ ನಾಲ್ಕು ಫ್ಯಾನಿದ್ದರೆ ಒಂದು ಗುಂಡಿ ಒತ್ತಿದಾಗ ಎರಡು ಕೇಳುತ್ತವೆ, ಎರಡು ಕೇಳುವುದಿಲ್ಲ. ಕಿಟಕಿಯ ಬದಿಯದು ಐದರಲ್ಲಿ, ಬಾಗಿಲ ಬದಿಯದು ಎರಡರಲ್ಲಿ. ರಿಮೋಟು ಮಕ್ಕಳ ಕೈಗೆ ಸಿಕ್ಕಿದರಂತೂ ಪಾಠ ಮುಗಿದ ಹಾಗೆ. ಗೋಡೆಯ ರೆಗ್ಯುಲೇಟರಿನಿಂದಲೇ ನಡೆಯುವ ಬಿಎಲ್‌ಡಿಸಿ ಮಾದರಿಗಳಿವೆ, ಶಾಲೆಗೆ ಅವೇ ಸರಿ. ಸಿಗದಿದ್ದರೆ ಕರೆಂಟು ಹೋಗಿ ಬಂದರೂ ಹಿಂದಿನ ವೇಗವನ್ನೇ ನೆನಪಿಟ್ಟುಕೊಳ್ಳುವ ಮಾದರಿ ಕೇಳಿ. ಎಲ್ಲವನ್ನೂ ನಾಲ್ಕಕ್ಕೋ ಐದಕ್ಕೋ ಇಟ್ಟು, ಸೆಲ್ ತೆಗೆದು ರಿಮೋಟನ್ನು ಆಫೀಸಿನ ಕಪಾಟಿನಲ್ಲಿ ಬೀಗ ಹಾಕಿಡಿ. ಆಮೇಲೆ ಸ್ವಿಚ್ ಹಾಕು, ಸ್ವಿಚ್ ತೆಗೆ, ಅಷ್ಟೆ.

ಜೋಡಿಸುವಾಗ ಆಗುವ ದೊಡ್ಡ ಎಡವಟ್ಟು ಹಳೇ ರೆಗ್ಯುಲೇಟರನ್ನು ಹಾಗೇ ಬಿಡುವುದು. ರಿಮೋಟಿನ ಫ್ಯಾನಿಗೆ ರೆಗ್ಯುಲೇಟರಿನಿಂದ ತುಂಡಾದ ವೋಲ್ಟೇಜು ಹೋದರೆ ಗುಂಯ್ ಎನ್ನುತ್ತದೆ, ನಿಂತು ನಿಂತು ತಿರುಗುತ್ತದೆ, ಕೊನೆಗೆ ಬೋರ್ಡು ಹೋಗುತ್ತದೆ. ವೈರ್‌ಮನ್ ಅದನ್ನು ತೆಗೆದು ಸ್ವಿಚ್ಚಿನಿಂದ ನೇರ ಕೊಡಬೇಕು, ಖಾಲಿ ಜಾಗಕ್ಕೆ ಡಮ್ಮಿ ಪ್ಲೇಟು. ಅರ್ಥಿಂಗ್ ತಂತಿ ಚಾವಣಿಯವರೆಗೆ ಬಂದಿದೆಯೇ ನೋಡಿ. ಹಳೇ ಕಟ್ಟಡಗಳಲ್ಲಿ ಹಲವು ಕಡೆ ಬಂದಿರುವುದಿಲ್ಲ. ತುಕ್ಕು ಹಿಡಿದ ಕೊಕ್ಕೆ, ಸವೆದ ರಬ್ಬರು, ಸ್ಪ್ಲಿಟ್ ಪಿನ್ ಇಲ್ಲದ ಬೋಲ್ಟು ಕಂಡರೆ ಹೊಸ ಫ್ಯಾನು ನೇತುಹಾಕುವ ಮೊದಲು ಅದನ್ನೇ ಸರಿಪಡಿಸಿ. ರೆಕ್ಕೆ ನೆಲದಿಂದ ಕನಿಷ್ಠ ಎಂಟು ಅಡಿ ಮೇಲಿರಲಿ, ಚಾವಣಿಯಿಂದ ಒಂದಡಿ ಕೆಳಗಿರಲಿ. ಚಾವಣಿ ಎತ್ತರವಿದ್ದರೆ ಡಬ್ಬಿಯೊಳಗಿನ ರಾಡು ಸಾಲದು, ಅಳತೆ ಹೇಳಿ ಉದ್ದದ್ದು ತರಿಸಿ. ಒಂದು ಡಬ್ಬಿಯ ರೆಕ್ಕೆ ಇನ್ನೊಂದರ ಮೋಟಾರಿಗೆ ಹಾಕಿದರೆ ಓಲಾಡುತ್ತದೆ. ಮಳೆಗಾಲದಲ್ಲಿ ಸೋರುವ ಮೇಲಂತಸ್ತಿನ ಕೋಣೆಗಂತೂ ಬಿಎಲ್‌ಡಿಸಿ ಬೇಡವೇ ಬೇಡ. ನಾಲ್ಕು ಹನಿ ನೀರು ಬೋರ್ಡಿಗೆ ಇಳಿದರೆ ಸಾಕು, ನೀರಿನಿಂದ ಕೆಟ್ಟದ್ದಕ್ಕೆ ವಾರಂಟಿಯೂ ಸಿಗದು.

ಹಾಕಿದ ಮೇಲೆ ಉಳಿತಾಯ ನಿಜವೇ ಎಂದು ಮೀಟರಿನಲ್ಲೇ ನೋಡಬಹುದು. ಮೀಟರಿನ ಮುಖದ ಮೇಲೆ ಯುನಿಟ್ಟಿಗೆ ಕೆಂಪು ದೀಪ ಎಷ್ಟು ಸಲ ಮಿಣುಕುತ್ತದೆ ಎಂದು ಅಚ್ಚಾಗಿರುತ್ತದೆ. 3200 ಎಂದಿದೆ ಎನ್ನಿ. ಶಾಲೆ ಬಿಟ್ಟ ಮೇಲೆ ಉಳಿದೆಲ್ಲ ಆರಿಸಿ ಒಂದು ಕೋಣೆಯ ನಾಲ್ಕು ಫ್ಯಾನು ಮಾತ್ರ ಹಾಕಿ. ಹಳೆಯವಾದರೆ ಕೆಂಪು ದೀಪ ನಿಮಿಷಕ್ಕೆ 16 ಸಲ ಮಿಣುಕುತ್ತದೆ, ಬಿಎಲ್‌ಡಿಸಿಯಾದರೆ ಆರೇಳು ಸಲ. ಹತ್ತು ದಾಟಿದರೆ ಡಬ್ಬಿಯ ಮೇಲಿನ ವ್ಯಾಟು ಸುಳ್ಳು, ಇಲ್ಲವೇ ಬೇರೆಲ್ಲೋ ಏನೋ ಓಡುತ್ತಿದೆ.

ಖರೀದಿಗೆ ಮುಂಬಯಿಯ ವಿದ್ಯುತ್ ಸಾಮಾನಿನ ಪೇಟೆ ಲೋಹಾರ್ ಚಾಳ್ ಇದ್ದೇ ಇದೆ. ಆದರೆ ಅಲ್ಲಿ ಅಗ್ಗ ಎಂದು ಕಣ್ಣುಮುಚ್ಚಿ ಹೋಗಬೇಡಿ. ಒಂದೆರಡು ಫ್ಯಾನಿಗೆ ಆನ್‌ಲೈನ್ ದರವೇ ಕಡಿಮೆ ಇರುವುದುಂಟು. ಹತ್ತಿಪ್ಪತ್ತು ಡಬ್ಬಿಯಾದರೆ ಡೀಲರ್ ದರಕ್ಕೆ ಕೂರಬಹುದು, ಉದ್ದ ರಾಡು, ಕೊಕ್ಕೆ, ಡಮ್ಮಿ ಪ್ಲೇಟು ಅಲ್ಲೇ ಆಗುತ್ತದೆ. ಮೂರು ಕೊಟೇಶನ್ ತೆಗೆದುಕೊಳ್ಳಿ, ಆಡಿಟಿಗೂ ಬೇಕು. ಜಿಎಸ್‌ಟಿ ಸೇರಿಸಿದ ದರವನ್ನೇ ಹೋಲಿಸಿ, ಶಾಲೆಗೆ ಅದು ವಾಪಸು ಬರುವುದಿಲ್ಲ. ಪಕ್ಕಾ ಬಿಲ್ಲು ಶಾಲೆಯ ಹೆಸರಿಗೇ ಇರಲಿ. ಅದಕ್ಕೂ ಮೊದಲು ವಾರಂಟಿ ಕಾರ್ಡು ಓದಿ: ‘ಗೃಹಬಳಕೆಗೆ ಮಾತ್ರ’ ಎಂಬ ಸಾಲಿದ್ದರೆ ಶಾಲೆಗೂ ಅನ್ವಯಿಸುತ್ತದೆ ಎಂದು ಡೀಲರಿಂದ ಬರಹದಲ್ಲಿ ಪಡೆಯಿರಿ, ಕೊಡದಿದ್ದರೆ ಮುಂದಿನ ಅಂಗಡಿ. ಬೇಸಿಗೆಯ ನೂಕುನುಗ್ಗಲಿನಲ್ಲಿ ಕೊಳ್ಳುವುದಕ್ಕಿಂತ ದೀಪಾವಳಿ ರಜೆಯಲ್ಲಿ ಹಾಕಿಸುವುದು ಮೇಲು, ಕೋಣೆಯೂ ಖಾಲಿ ಇರುತ್ತದೆ.

ಕೈಯಲ್ಲಿರುವುದು ಹತ್ತು ಸಾವಿರವೇ ಆದರೆ ಫ್ಯಾನು ಬಿಡಿ, ಟ್ಯೂಬು ಹಿಡಿಯಿರಿ. ತಾಮ್ರದ ಚೋಕಿನ ಹಳೇ ಟ್ಯೂಬು ಚೋಕೂ ಸೇರಿ 50 ವ್ಯಾಟ್ ತಿನ್ನುತ್ತದೆ, ಎಲ್‌ಇಡಿ 20. ಇನ್ನೂರು ಚಿಲ್ಲರೆ ರೂಪಾಯಿ ಒಂದೇ ವರ್ಷದೊಳಗೆ ತೀರುತ್ತದೆ.

ಇಳಿಸಿದ ಹಳೇ ಫ್ಯಾನುಗಳದು ಬೇರೆ ತಾಪತ್ರಯ. ‘ಇಂಥವರ ಸ್ಮರಣಾರ್ಥ’ ಎಂದು ರೆಕ್ಕೆಯ ಮೇಲೆ ಬಣ್ಣದಲ್ಲಿ ಬರೆಸಿದ ದಾನಿಗಳ ಫ್ಯಾನನ್ನು ಇಳಿಸಲು ಸಮಿತಿಯಲ್ಲಿ ಯಾರಿಗೂ ಧೈರ್ಯವಿರುವುದಿಲ್ಲ. ಅವನ್ನು ಸಭಾಂಗಣಕ್ಕೆ ಸಾಗಿಸಿ: ಹೆಸರು ಹೆಚ್ಚು ಜನಕ್ಕೆ ಕಾಣುತ್ತದೆ, ಓಡುವುದು ಕಡಿಮೆ. ಉಳಿದವುಗಳಲ್ಲಿ ಚೆನ್ನಾಗಿರುವ ನಾಲ್ಕನ್ನು ಬಿಡಿಭಾಗಕ್ಕೆಂದು ಇಟ್ಟುಕೊಂಡು, ಮಿಕ್ಕದ್ದನ್ನು ಡೆಡ್‌ಸ್ಟಾಕ್ ರಿಜಿಸ್ಟರಿನಲ್ಲಿ (ಶಾಲೆಯ ಸಾಮಾನಿನ ದಾಖಲೆ ಪುಸ್ತಕದಲ್ಲಿ) ನಮೂದಿಸಿ, ಸಮಿತಿಯ ಠರಾವು ಆದ ಮೇಲೆಯೇ ಗುಜರಿಯವನಿಗೆ ಕೊಡಿ. ತೂಕಕ್ಕೆ ಕೊಡುವಾಗ ಮೋಟಾರು ಬೇರೆ, ರೆಕ್ಕೆ ಬೇರೆ ಮಾಡಿಸಿ. ತಾಮ್ರದ ಸುರುಳಿಯನ್ನು ಕಬ್ಬಿಣದ ದರದಲ್ಲಿ ತೂಗಿಸಿಕೊಳ್ಳಬೇಡಿ.