ಎಲ್ಲಾ ಕಾರ್ಡ್‌ಗೂ ಒಂದೇ ಬರಹ: ಶೇರ್ಡ್ ಟೆಕ್ಸ್ಟ್ ಇದ್ದರೆ ಹೇಗೆ, ಇಲ್ಲದಿದ್ದರೆ ಹೇಗೆ?

ಹಕ್ಕಿಗಳ ಒಂದು ಸ್ಟ್ಯಾಕ್, ಅಂದರೆ ಕಂಪ್ಯೂಟರ್ ಪರದೆಯಲ್ಲಿ ಒಂದೊಂದಾಗಿ ತೆರೆಯುವ ಕಾರ್ಡ್‌ಗಳ ಕಟ್ಟು, ಇದೆ ಅಂದುಕೊಳ್ಳಿ. ಒಂದೊಂದು ಕಾರ್ಡ್‌ನಲ್ಲಿ ಒಂದು ಚಿತ್ರ, ಹೆಸರು, ನಾಲ್ಕು ಸಾಲು ವಿವರಣೆ, ಚಿತ್ರದ ಮೇಲೆಯೇ ಕೂಗು ಕೇಳಿಸುವ ಬಟನ್. ಕೆಳಗೆ ಎಲ್ಲಾ ಕಾರ್ಡ್‌ನಲ್ಲೂ ಒಂದೇ ಸೂಚನೆ: ‘ಚಿತ್ರದ ಮೇಲೆ ಒತ್ತಿ, ಕೂಗು ಕೇಳಿ.’ ಹೆಸರು, ವಿವರಣೆ ಕಾರ್ಡ್‌ನಿಂದ ಕಾರ್ಡ್‌ಗೆ ಬದಲಾಗಬೇಕು. ಸೂಚನೆ ಬದಲಾಗಬಾರದು. ಕೇಳೋಕೆ ಸುಲಭ. ಆದರೆ ಯಾವ ಸಾಫ್ಟ್‌ವೇರ್ ಇದನ್ನು ಹೇಗೆ ಮಾಡಿಕೊಡುತ್ತದೆ ಅನ್ನುವುದರಲ್ಲಿ ತುಂಬಾ ವ್ಯತ್ಯಾಸವಿದೆ. ಇದೇ ಸ್ಟ್ಯಾಕನ್ನು ನಾನು ಬೇರೆ ಬೇರೆ ದಾರಿಯಲ್ಲಿ ಕಟ್ಟಿ ನೋಡಿದೆ.

ಮೊದಲು ಹೈಪರ್‌ಕಾರ್ಡ್, ಮ್ಯಾಕ್ ಕಂಪ್ಯೂಟರ್‌ನಲ್ಲಿ ಇಂಥ ಸ್ಟ್ಯಾಕ್ ಕಟ್ಟುವ ಸಾಫ್ಟ್‌ವೇರ್. ಬಿಲ್ ಅಟ್ಕಿನ್‌ಸನ್ ಬರೆದು, ಆ್ಯಪಲ್ 1987ರಲ್ಲಿ ಹೊರತಂದದ್ದು. ಈಗಿನ ಕಂಪ್ಯೂಟರ್‌ನಲ್ಲಿ ಅದನ್ನು ಓಡಿಸಲು ಎಮ್ಯುಲೇಟರ್ (ಹಳೆ ಕಂಪ್ಯೂಟರ್‌ನಂತೆ ನಟಿಸುವ ಪ್ರೋಗ್ರಾಂ) ಬೇಕು. ಅಲ್ಲಿ ಬ್ಯಾಕ್‌ಗ್ರೌಂಡ್ ಅನ್ನುವ ಪದರ ಇದೆ. ಅದರ ಮೇಲೆ ಒಂದು ಫೀಲ್ಡ್ (ಬರಹದ ಚೌಕ) ಇಟ್ಟರೆ ಆ ಬ್ಯಾಕ್‌ಗ್ರೌಂಡ್‌ನ ಎಲ್ಲಾ ಕಾರ್ಡ್‌ನಲ್ಲೂ ಅದೇ ಜಾಗ, ಅದೇ ಅಳತೆ, ಅದೇ ಫಾಂಟ್. ಬರಹ ಮಾತ್ರ ಪ್ರತಿ ಕಾರ್ಡ್‌ಗೂ ಬೇರೆ. ಮೊದಲ ಆವೃತ್ತಿಯಲ್ಲಿ ಅಷ್ಟೇ ಇದ್ದದ್ದು. 1990ರ 2.0 ಬಂದಾಗ ಫೀಲ್ಡ್‌ನ ಮಾಹಿತಿ ಕಿಟಕಿಯಲ್ಲಿ ‘ಶೇರ್ಡ್ ಟೆಕ್ಸ್ಟ್’ ಅನ್ನುವ ಚೆಕ್‌ಬಾಕ್ಸ್ ಸೇರಿತು. ಗುರುತು ಹಾಕಿದರೆ ಆಯ್ತು, ಬರಹವೂ ಎಲ್ಲರದ್ದು.

ನನ್ನ ಸೂಚನೆಗೆ ಇದಕ್ಕಿಂತ ಹಗುರವಾದ ದಾರಿ ಸಿಗಲಿಲ್ಲ. ಆದರೆ ಒಂದು ಕಿರಿಕಿರಿ ಇದೆ. ಆ ಬರಹ ತಿದ್ದಬೇಕಾದರೆ ಬ್ಯಾಕ್‌ಗ್ರೌಂಡ್ ಮೋಡ್‌ಗೆ ಹೋಗಬೇಕು, ತಿದ್ದಬೇಕು, ಮತ್ತೆ ಹೊರಗೆ ಬರಬೇಕು. ಕಾರ್ಡ್ ನೋಡುತ್ತಾ ಸುಮ್ನೆ ಕ್ಲಿಕ್ ಮಾಡಿ ಟೈಪ್ ಮಾಡೋಕೆ ಆಗಲ್ಲ. ಓದುಗರ ಕೈಗೆ ಕೊಟ್ಟಾಗ ಇದು ರಕ್ಷಣೆ. ಕಟ್ಟುವಾಗ ಮಾತ್ರ ತಲೆನೋವು.

ಎರಡನೇ ದಾರಿ, ಚೆಕ್‌ಬಾಕ್ಸ್ ಇಲ್ಲದ ಕಡೆ ಎಲ್ಲರೂ ಹಿಡಿಯುವ ದಾರಿ: ಸ್ಕ್ರಿಪ್ಟ್, ಅಂದರೆ ಸಾಫ್ಟ್‌ವೇರ್‌ಗೆ ನಾವೇ ಬರೆದುಕೊಡುವ ಆದೇಶಗಳು. ಮೂಲ ಬರಹವನ್ನು ಮೊದಲ ಕಾರ್ಡ್‌ನ ಒಂದು ಅಡಗಿಸಿದ ಫೀಲ್ಡ್‌ನಲ್ಲಿ ಇಡಿ. ಕಾರ್ಡ್ ತೆರೆದಾಗ ಬರುವ ‘ಓಪನ್‌ಕಾರ್ಡ್’ ಸಂದೇಶ ಹಿಡಿದು, ಅದನ್ನು ಈ ಕಾರ್ಡ್‌ನ ಫೀಲ್ಡ್‌ಗೆ ನಕಲು ಮಾಡಿ. ಮೂರು ಸಾಲಿನ ಕೆಲಸ. ಕೆಲಸವೂ ನಡೆಯುತ್ತದೆ. ಹಾಗಾದರೆ ತೊಂದರೆ ಏನು?

ತೊಂದರೆ ಆಮೇಲೆ ಶುರುವಾಗುತ್ತದೆ. ಹೈಪರ್‌ಕಾರ್ಡ್ ತಾನಾಗಿಯೇ ಸೇವ್ ಮಾಡುವ ಸಾಫ್ಟ್‌ವೇರ್. ಹಾಗಾಗಿ ನೀವು ಹೊಕ್ಕ ಪ್ರತಿ ಕಾರ್ಡ್‌ನಲ್ಲೂ ಒಂದು ನಕಲು ಡಿಸ್ಕ್‌ಗೆ ಹೋಗಿ ಕೂರುತ್ತದೆ. ‘ಕೂಗು’ ಅಂತ ಹುಡುಕಿದರೆ ಫೈಂಡ್ ಆದೇಶ ಕಾಗೆಯ ವಿವರಣೆಗೆ ಹೋಗುವ ಬದಲು ಪ್ರತಿ ಕಾರ್ಡ್‌ನ ಸೂಚನೆಯಲ್ಲೂ ನಿಲ್ಲುತ್ತದೆ. ಅದಕ್ಕೆ ಆ ಫೀಲ್ಡ್‌ಗೆ ‘ಡೋಂಟ್ ಸರ್ಚ್’ (ಇಲ್ಲಿ ಹುಡುಕಬೇಡ) ಗುರುತು ಹಾಕಬೇಕು. ಇನ್ನು ಸ್ಟ್ಯಾಕ್ ಲಾಕ್ ಆಗಿದ್ದರೆ, ಉದಾಹರಣೆಗೆ ಸಿಡಿಯಲ್ಲಿದ್ದರೆ, ಸ್ಕ್ರಿಪ್ಟ್ ಆ ಬರಹ ನಕಲು ಮಾಡೋಕೆ ಹೋಗಿ ಎರರ್ ಕೊಡುತ್ತದೆ. ಅದನ್ನು ತಪ್ಪಿಸಲು ‘ಯೂಸರ್‌ಮಾಡಿಫೈ’ ಅನ್ನುವ ಇನ್ನೊಂದು ಪ್ರಾಪರ್ಟಿ (ಸೆಟ್ಟಿಂಗ್) ಹಾಕಬೇಕು. ಒಂದು ಚೆಕ್‌ಬಾಕ್ಸ್ ಮಾಡುವ ಕೆಲಸಕ್ಕೆ ಎಷ್ಟೊಂದು ತೇಪೆ ನೋಡಿ!

ಹೈಪರ್‌ಕಾರ್ಡ್ ಮಾದರಿಯಲ್ಲೇ ಬಂದ, ಈಗಿನ ಕಂಪ್ಯೂಟರ್‌ಗಳಲ್ಲಿ ಓಡುವ ಲೈವ್‌ಕೋಡ್‌ನಲ್ಲಿ ಇದೇ ನಕಲು ಸ್ವಲ್ಪ ನಯವಾಗಿ ಆಗುತ್ತದೆ. ಅಲ್ಲಿ ‘ಪ್ರಿಓಪನ್‌ಕಾರ್ಡ್’ ಸಂದೇಶ ಕಾರ್ಡ್ ಕಣ್ಣಿಗೆ ಬೀಳುವ ಮೊದಲೇ ಬರುವುದರಿಂದ ಹಳೆ ಬರಹ ಮಿಂಚಿ ಮಾಯವಾಗುವ ಕಾಟ ಇಲ್ಲ. ಆದರೆ ಅಲ್ಲಿ ಈ ನಕಲಿನ ಅಗತ್ಯವೇ ಇಲ್ಲ, ಅಲ್ವಾ? ಫೀಲ್ಡನ್ನು ಒಂದು ಗ್ರೂಪ್ ಮಾಡಿ, ಗ್ರೂಪ್‌ಗೆ ಬ್ಯಾಕ್‌ಗ್ರೌಂಡ್‌ನಂತೆ ನಡೆದುಕೊಳ್ಳುವ ‘ಬ್ಯಾಕ್‌ಗ್ರೌಂಡ್‌ಬಿಹೇವಿಯರ್’ ಗುಣ ಕೊಟ್ಟು, ಫೀಲ್ಡ್‌ನ ‘ಶೇರ್ಡ್‌ಟೆಕ್ಸ್ಟ್’ ಅನ್ನು ಟ್ರೂ ಮಾಡಿದರೆ ಮುಗಿಯಿತು. ಹೊಸ ಕಾರ್ಡ್ ಮಾಡಿದಾಗ ಗ್ರೂಪ್ ತಾನಾಗಿಯೇ ಬಂದು ಕೂರುತ್ತದೆ.

ನನಗೆ ಲೈವ್‌ಕೋಡ್ ಜಾಸ್ತಿ ಹಿಡಿಸಿದ್ದು ಸೂಚನೆಯ ವಿಷಯಕ್ಕಲ್ಲ, ಅಂಕದ ವಿಷಯಕ್ಕೆ. ಸ್ಟ್ಯಾಕ್‌ನಲ್ಲಿ ಒಂದು ಕ್ವಿಜ್ ಇದ್ದರೆ, ಮೂಲೆಯಲ್ಲಿ ಕಾಣುವ ಅಂಕ ಕಾರ್ಡ್ ದಾಟಿದರೂ ಉಳಿಯಬೇಕು. ಶೇರ್ಡ್ ಫೀಲ್ಡ್‌ಗೆ ಸ್ಕ್ರಿಪ್ಟ್‌ನಿಂದ ಒಂದು ಸಲ ಅಂಕ ಹಾಕಿದರೆ ಎಲ್ಲಾ ಕಾರ್ಡ್‌ನಲ್ಲೂ ಅದೇ ಕಾಣುತ್ತದೆ. ಅಂಕ ನೆನಪಿಟ್ಟುಕೊಳ್ಳಲು ಗ್ಲೋಬಲ್ ವೇರಿಯಬಲ್ (ಎಲ್ಲಾ ಸ್ಕ್ರಿಪ್ಟ್‌ಗೂ ಸಿಗುವ ಮೌಲ್ಯ) ಬೇಡ, ಪ್ರತಿ ಕಾರ್ಡ್‌ನಲ್ಲಿ ಬರೆಯುವುದೂ ಬೇಡ. ಒಂದು ಎಚ್ಚರ: ಸ್ಟ್ಯಾಂಡ್‌ಅಲೋನ್ (ಲೈವ್‌ಕೋಡ್ ಇಲ್ಲದೆ ಓಡುವ) ಆ್ಯಪ್ ಮಾಡಿದಾಗ ಅದು ತನ್ನನ್ನು ತಾನೇ ಸೇವ್ ಮಾಡಿಕೊಳ್ಳಲಾರದು. ಮುಚ್ಚಿದರೆ ಅಂಕ ಹೋಯ್ತು. ಉಳಿಸಬೇಕಾದರೆ ಬೇರೆ ಫೈಲ್‌ಗೆ ಬರೆಯಿರಿ.

ವಿಂಡೋಸ್‌ಗೆ ಬಂದ ಇಂಥದ್ದೇ ಸಾಫ್ಟ್‌ವೇರ್ ಟೂಲ್‌ಬುಕ್ ಇದನ್ನು ತಿರುಗಿಸಿ ಯೋಚಿಸಿತ್ತು. ಅಲ್ಲಿ ಸ್ಟ್ಯಾಕ್ ಅಲ್ಲ, ಪುಸ್ತಕ. ಕಾರ್ಡ್ ಅಲ್ಲ, ಪುಟ. ಬ್ಯಾಕ್‌ಗ್ರೌಂಡ್ ಮೇಲೆ ಸಾಮಾನ್ಯ ಫೀಲ್ಡ್ ಇಟ್ಟರೆ ಬರಹ ಎಲ್ಲಾ ಪುಟಕ್ಕೂ ಒಂದೇ. ಪುಟಕ್ಕೊಂದು ಬರಹ ಬೇಕಾದರೆ ‘ರೆಕಾರ್ಡ್ ಫೀಲ್ಡ್’ ಅನ್ನುವ ಬೇರೆಯೇ ವಸ್ತು ಎಳೆದು ತರಬೇಕು. ಹೊಸಬರಿಗೆ ಇದು ಸ್ಪಷ್ಟ. ಫೀಲ್ಡ್ ನೋಡಿದ ಕೂಡಲೇ ಅದು ಯಾವ ಜಾತಿ ಅಂತ ಗೊತ್ತಾಗುತ್ತದೆ. ಆದರೆ ನಡುವೆ ಮನಸ್ಸು ಬದಲಾದರೆ ಒಂದನ್ನು ತೆಗೆದು ಇನ್ನೊಂದು ಇಡಬೇಕು. ನನಗೆ ಮನಸ್ಸು ಬದಲಾಗುವುದು ಜಾಸ್ತಿ, ಹಾಗಾಗಿ ಚೆಕ್‌ಬಾಕ್ಸೇ ಇಷ್ಟ.

ಪವರ್‌ಪಾಯಿಂಟ್‌ನ ಸ್ಲೈಡ್ ಮಾಸ್ಟರ್‌ನಲ್ಲೂ ಇದೇ ಎರಡು ಜಾತಿ ಇದೆ. ಮಾಸ್ಟರ್ ಮೇಲಿನ ಟೆಕ್ಸ್ಟ್ ಬಾಕ್ಸ್ ಎಲ್ಲಾ ಸ್ಲೈಡ್‌ಗೂ ಒಂದೇ, ಪ್ಲೇಸ್‌ಹೋಲ್ಡರ್ (ಬರಹ ತುಂಬಿಸುವ ಖಾಲಿ ಚೌಕ) ಸ್ಲೈಡ್‌ಗೊಂದು. ಸೂಚನೆಗೆ ಸಾಕು. ಅಂಕಕ್ಕೆ ಮ್ಯಾಕ್ರೋ (ಪವರ್‌ಪಾಯಿಂಟ್‌ನ ಸ್ಕ್ರಿಪ್ಟ್) ಇಲ್ಲದೆ ಆಗುವುದಿಲ್ಲ, ಅಲ್ಲಿಗೆ ಬಿಟ್ಟೆ.

ಈ ಸೌಲಭ್ಯವೇ ಇಲ್ಲದ ಕಾರ್ಡ್ ಸಾಫ್ಟ್‌ವೇರ್ ನಿಮ್ಮ ಕೈಯಲ್ಲಿದ್ದರೆ, ಅದನ್ನು ಬರೆಯುವವರಿಗೆ ‘ಶೇರ್ಡ್ ಫೀಲ್ಡ್ ಕೊಡಿ’ ಅಂತಷ್ಟೇ ಕೇಳಬೇಡಿ. ಹಾಗೆ ಕೇಳಿದರೆ ‘ಸ್ಕ್ರಿಪ್ಟ್‌ನಲ್ಲಿ ಮಾಡಬಹುದಲ್ಲ’ ಅನ್ನುವ ಉತ್ತರ ಬಂದೇ ಬರುತ್ತದೆ. ಹುಡುಕಾಟ ಹಾಳಾಗುವುದನ್ನು, ಲಾಕ್ ಆದ ಫೈಲ್‌ನಲ್ಲಿ ನಕಲು ನಿಲ್ಲುವುದನ್ನು ತೋರಿಸಿ ಕೇಳಿ. ಫೀಲ್ಡ್ ಮೇಲೊಂದು ಚೆಕ್‌ಬಾಕ್ಸ್ ಬೇಕು. ಗುರುತು ಹಾಕುವಾಗ ಕಾರ್ಡ್‌ಗಳ ಹಳೆ ಬರಹ ಅಳಿಯದೆ ಒಳಗೆ ಉಳಿಯಬೇಕು, ಗುರುತು ತೆಗೆದರೆ ವಾಪಸ್ ಬರಬೇಕು. ಮತ್ತೆ, ಕಟ್ಟುವವರು ಯಾವ ಕಾರ್ಡ್‌ನಲ್ಲಿ ನಿಂತಿದ್ದರೂ ಅಲ್ಲಿಂದಲೇ ಆ ಬರಹ ತಿದ್ದುವಂತಿರಬೇಕು. ತಿದ್ದುವಾಗ ಫೀಲ್ಡ್‌ನ ಅಂಚಿಗೆ ಬೇರೆ ಬಣ್ಣ ಬಂದರೆ ಸಾಕು, ಇದು ಎಲ್ಲಾ ಕಾರ್ಡ್‌ಗೂ ತಾಗುತ್ತದೆ ಅಂತ ತಿಳಿಯುತ್ತದೆ.